ದಾಕು ಹಾಕಿದ ದೊಡ್ಡಸ್ವಾಮಿಯವರು



ಈ ಸಭೆಯ ಮುಂದಿನ ಸಾಲಿನ ಹಿರಿಯರಲ್ಲಿ ಹಲವರು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದರೆ, ಹುಣಿಸೆಬೀಜದಷ್ಟಗಲದ, ಚರ್ಮ ಸುಕ್ಕಿ ಕುಳಿಬಿದ್ದ ಕಲೆಯೊಂದು ಕಾಣುವುದು. ಬಾಲ್ಯದಲ್ಲಿ ಅತ್ತು ರಂಪಮಾಡಿ ಹಾಕಿಸಿಕೊಂಡ ಸಿಡುಬಿನ ದಾಕಿನ ಗುರುತು ಅದು. ಮೈಸೂರು ಸೀಮೆಯವರ ತೋಳಿನಲ್ಲಿ ಆ ಗುರುತನ್ನು ಮೊದಮೊದಲು ಮೂಡಿಸಿದವರಲ್ಲಿ ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಗಳು ಪ್ರಮುಖರು. ಅಬ್ಬೆಯೆಂಬುದು ಅವರ ನಾಡಿನಲ್ಲಿ ಪಾದ್ರಿಗೆ ಸಲ್ಲುವ ಬಿರುದು, ನಮ್ಮ ಹಳಗನ್ನಡದಲ್ಲಿ ತಾಯಿಯ ಹೆಸರು. ಸಿಡುಬನ್ನು 'ಅಮ್ಮ' ಎಂದೇ ಕರೆದು ಬೇವಿನ ಸೊಪ್ಪು ಕಟ್ಟಿ ಕೈಮುಗಿಯುತ್ತಿದ್ದ ನಾಡಿಗೆ ಅಬ್ಬೆಯೊಬ್ಬರು ಸೂಜಿ ಹಿಡಿದು ಬಂದುದು ಭಾಷೆಯ ವಿನೋದವೆನ್ನಬೇಕು.

ಹೊರನಾಡಿನಲ್ಲಿ ನೆಲೆಯೂರಿದ ಫ್ರೆಂಚರ ಚರಿತ್ರೆಯಲ್ಲಿ ಮದ್ದೂ ಮಣ್ಣೂ ಜೊತೆಗೂಡಿದ್ದು ದುಬ್ವಾ ಅವರಲ್ಲೇ ಮೊದಲಲ್ಲ. ಪ್ಯಾರಿಸಿನಲ್ಲಿ ಔಷಧದಂಗಡಿ ಇಟ್ಟಿದ್ದ ಲೂಯಿ ಎಬೇರ್ ಎಂಬಾತನು 1617ರಲ್ಲಿ ಹೆಂಡತಿ ಮಕ್ಕಳೊಡನೆ ಕೆನಡಾದ ಕ್ವಿಬೆಕ್ಕಿಗೆ ಹೋಗಿ, ನೇಗಿಲಿನ ನೆರವಿಲ್ಲದೆ ಬರಿಯ ಕೈಸಲಕರಣೆಗಳಿಂದ ನೆಲ ಅಗೆದು ಬಿತ್ತಿ, ಕಾಯಿಲೆಯವರಿಗೆ ಮದ್ದು ಅರೆದು ಕೊಟ್ಟು, 1627ರಲ್ಲಿ ಅಲ್ಲಿಯೇ ತೀರಿಕೊಂಡನು. ನಮ್ಮ ದುಬ್ವಾ ಔಷಧ ವ್ಯಾಪಾರಿಗಳಲ್ಲದಿದ್ದರೂ ಇವೆರಡು ಕೆಲಸಗಳೂ ಅವರ ಕೈಗೆ ಹತ್ತಿದುವು.

ಫ್ರಾನ್ಸಿನ ಮಹಾಕ್ರಾಂತಿಯ ಗದ್ದಲದಲ್ಲಿ, 1792ರಲ್ಲಿ, ಹೊರಟುಬಂದ ಅವರು 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಯನ್ನು ಸೇರಿ, ನಮ್ಮವರಂತೆ ಉಟ್ಟು, ಪೇಟ ಸುತ್ತಿ, ನಮ್ಮವರ ನುಡಿಯನ್ನಾಡುತ್ತ ಹಳ್ಳಿಹಳ್ಳಿ ತಿರುಗಿದರು. ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರು ಕ್ರೈಸ್ತ ಒಕ್ಕಲುಗಳನ್ನು ಬೇಸಾಯಕ್ಕೆ ನೆಲೆಗೊಳಿಸಿದರು.

ಆಗಿನ ದಾಕು ಸೀಸೆಯಲ್ಲಿ ಬರುತ್ತಿದ್ದ ವಸ್ತುವಲ್ಲ. ದಾಕು ಹಾಕಿಸಿಕೊಂಡ ಮಗುವಿನ ತೋಳಿನ ಗುಳ್ಳೆ ಸುಮಾರು ಎಂಟನೆಯ ದಿನಕ್ಕೆ ತುಂಬಿಬರಲು, ಅದರ ತಿಳಿರಸವನ್ನು ಸೂಜಿಮೊನೆಗೆ ತಗುಲಿಸಿ ಇನ್ನೊಂದು ಮಗುವಿನ ತೋಳನ್ನು ಗೀರಬೇಕು. ಹೀಗೆ ತೋಳಿನಿಂದ ತೋಳಿಗೆ, ಹೆಪ್ಪಿಗೆಂದು ನೆರೆಮನೆಯಿಂದ ಮಜ್ಜಿಗೆ ತಂದಂತೆ, ಊರಿಂದೂರಿಗೆ ಸಾಗಬೇಕು. ನಡುವೆ ಒಂದು ಸರದಿ ತಪ್ಪಿತೋ, ರಸವನ್ನು ಮತ್ತೆ ದೂರದಿಂದ ತರಿಸಬೇಕು. ಇಂಗ್ಲೆಂಡಿನ ವೈದ್ಯ ಜೆನ್ನರ್ ಮಹಾಶಯನ ಈ ವಿದ್ಯೆ ಮುಂಬಯಿಯನ್ನು ಮುಟ್ಟಿದ್ದು 1802ರ ಜೂನ್‌ನಲ್ಲಿ. 1803-04ರ ಲೆಕ್ಕದಲ್ಲಿ ದುಬ್ವಾ ಅವರ ಹೆಸರಿನಲ್ಲಿ ದಾಖಲಾದ ಜನ 25,432. ಗಾಡಿರಸ್ತೆಯೂ ನೆಟ್ಟಗಿಲ್ಲದ ಕಾಲದಲ್ಲಿ, ಕೂಸನ್ನು ಪರದೇಶಿಯ ಕೈಗೊಪ್ಪಿಸಲೊಲ್ಲದ ತಾಯಂದಿರ ನಡುವೆ, ಈ ಸಂಖ್ಯೆಯ ಹಿಂದೆ ಎಷ್ಟು ಜಗಲಿಗಳ ಮಾತುಕತೆ ಇದ್ದಿತೋ ಊಹಿಸಿಕೊಳ್ಳಿರಿ.

ಲೋಕ ಅವರನ್ನು ನೆನೆವುದಾದರೋ ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಗ್ರಂಥಕ್ಕಾಗಿ. ಅದರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ ಹಣ ತೆತ್ತು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿತು. ಆ ಗ್ರಂಥದ ಬಹುಭಾಗ ಕೆರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹವನ್ನಾಧರಿಸಿದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯುರ್ 1987ರಲ್ಲಿ ತೋರಿಸಿಕೊಟ್ಟರು. ನನಗೇನೋ ಇದರಿಂದ ದುಬ್ವಾ ಅವರ ಮೇಲಿನ ಗೌರವ ಅರ್ಧವಷ್ಟೇ ತಗ್ಗಿತು. ಪುಟಗಳು ಎರವಲಾಗಿದ್ದರೂ ಸೂಜಿ ಹಿಡಿದ ಕೈ ಅವರದೇ.

1823ರಲ್ಲಿ ಅವರು ಸ್ವದೇಶಕ್ಕೆ ಹೊರಟರು. ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸವೆಂದು ವಾದಿಸುವ ಅವರ ಪತ್ರಗಳು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದುವು. ಪಾದ್ರಿಗಳ ಬಳಗದಲ್ಲಿ ಅದಕ್ಕೆ ಕೋಪಿಸಿಕೊಂಡವರು ಬಹುಮಂದಿ. ದುಬ್ವಾ ಮುಂದೆ ಪ್ಯಾರಿಸಿನ ಗುರುಮಠದ ಹಿರಿಯರಾಗಿದ್ದು, 1848ರಲ್ಲಿ ಕಾಲವಾದರು. ಭಾರತದ ಕಡೆಗೆ ಅವರು ಮತ್ತೆ ಬರಲಿಲ್ಲ.