ಕುಳಿತಲ್ಲಿ ಕೂರದ ಮಗು ಮತ್ತು ನಮ್ಮ ಬೆತ್ತ

(ಭೀಮನಬೀಡಿನಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲೇಖನ ರೂಪ)



ಅರಿಸಿನ ಕೀಳುವ ಈ ದಿನಗಳಲ್ಲಿ ಅರ್ಧ ದಿನದ ಕೂಲಿ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಆದ್ದರಿಂದ ಉಪಚಾರದ ಮಾತುಗಳನ್ನು ಬದಿಗಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಪ್ರತಿಯೊಂದು ಬೀದಿಯಲ್ಲೂ ಅಂಥದ್ದೊಂದು ಮಗುವಿದೆ. ನಿಂತಲ್ಲಿ ನಿಲ್ಲುವುದಿಲ್ಲ, ಕುಳಿತಲ್ಲಿ ಕೂರುವುದಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತದೆ. ಪೆನ್ಸಿಲ್, ಚಪ್ಪಲಿ, ಊಟದ ಡಬ್ಬಿ ಎಲ್ಲವನ್ನೂ ಎಲ್ಲೋ ಬಿಟ್ಟು ಬರುತ್ತದೆ. ಉಪ್ಪು ತರಲು ಅಂಗಡಿಗೆ ಕಳಿಸಿದರೆ ದಾರಿಯಲ್ಲಿ ಕಂಡ ನಾಯಿಮರಿಯ ಹಿಂದೆ ಹೋಗಿಬಿಡುತ್ತದೆ. ಆ ಮಗುವಿಗೆ ನಾವು ಇಟ್ಟಿರುವ ಹೆಸರುಗಳು ಯಾವುವು? ಕೋತಿ, ಮೊಂಡ, ಶೈತಾನ್. ಅದರ ತಾಯಿಗೂ ಒಂದು ಹೆಸರಿದೆ: ಸಲಿಗೆ ಕೊಟ್ಟು ಕೆಡಿಸಿದವಳು. ತಂದೆಗೆ ಮಾತ್ರ ಯಾರೂ ಯಾವ ಹೆಸರನ್ನೂ ಇಟ್ಟಿಲ್ಲ.

ಇಂತಹ ಮಕ್ಕಳಲ್ಲಿ ಕೆಲವರಿಗೆ ವೈದ್ಯರು ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇದೆ ಎನ್ನುತ್ತಾರೆ. ಕೆಲವರಿಗೆ ಮಾತ್ರ ಎಂಬುದನ್ನು ಮರೆಯಬಾರದು. ತುಂಟತನವೆಲ್ಲ ಕಾಯಿಲೆಯಲ್ಲ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಆರು ತಿಂಗಳಾದರೂ ಬಿಡದೆ ಇರಬೇಕು, ಮನೆಯಲ್ಲೂ ಶಾಲೆಯಲ್ಲೂ ಕಾಣಬೇಕು, ಮಗುವಿನ ಓದು ಮತ್ತು ಒಡನಾಟಕ್ಕೆ ನಿಜವಾಗಿಯೂ ಅಡ್ಡಿಯಾಗಬೇಕು. ಕಿವಿ ಕೇಳಿಸದ ಮಗು, ರಾತ್ರಿ ನಿದ್ದೆಯಿಲ್ಲದ ಮಗು, ಮನೆಯ ಜಗಳಕ್ಕೆ ಹೆದರಿದ ಮಗು ಕೂಡ ತರಗತಿಯಲ್ಲಿ ಹೀಗೆಯೇ ಕಾಣಬಹುದು. ಆದ್ದರಿಂದ ಈ ಹೆಸರನ್ನು ನಾನೂ ನೀವೂ ಇಡುವಂತಿಲ್ಲ, ಅದು ತಜ್ಞರ ಕೆಲಸ.

ಇನ್ನು ನನ್ನದೇ ಒಂದು ಮಾತು ಹೇಳಬೇಕಾಗಿದೆ. ನಾನು ಮದ್ರಸದಲ್ಲಿ ಓದಿದವನು. ಆಗ ನನಗೆ ಹನ್ನೊಂದು ವರ್ಷ. ನನ್ನ ಪಕ್ಕದಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಬೆಳಗಿನ ಸಬಕ್ ಒಪ್ಪಿಸುವಾಗ ನಾಲ್ಕು ಸಾಲು ದಾಟುವಷ್ಟರಲ್ಲಿ ಅವನ ಕಣ್ಣು ಕಿಟಕಿಯಾಚೆ ಹೋಗುತ್ತಿತ್ತು. ಕಾಲು ಅಲುಗುತ್ತಿತ್ತು. ಬೆತ್ತ ಬೀಳುತ್ತಿತ್ತು. ತರಗತಿಯ ಮಾನಿಟರ್ ನಾನು. ಮಿಸುಕಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. ಅವನ ಹೆಸರು ಬರೆಯದ ದಿನವೊಂದು ನನಗೆ ನೆನಪಿಲ್ಲ. ಒಮ್ಮೆ ವುಝೂವಿನ ನೀರಿನ ಮೋಟಾರು ಕೆಟ್ಟಿತು. ರಿಪೇರಿಗೆ ಬಂದವನ ಪಕ್ಕದಲ್ಲಿ ಈ ಹುಡುಗ ಎರಡು ಗಂಟೆ ಅಲುಗಾಡದೆ ಕುಳಿತಿದ್ದ. ಅದಕ್ಕೂ ಪೆಟ್ಟು ತಿಂದ. “ಇಲ್ಲಿ ಕೂರಲು ಬರುತ್ತದೆ, ಅಲ್ಲಿ ಕೂರಲು ಬರುವುದಿಲ್ಲವೇ?” ಎಂಬುದು ಹಜ್ರತರ ಪ್ರಶ್ನೆ. ನಮಗೂ ಅದು ನ್ಯಾಯವಾದ ಪ್ರಶ್ನೆಯೆಂದೇ ತೋರಿತ್ತು. ಆ ವರ್ಷದ ರಮಝಾನ್ ರಜೆಗೆ ಹೋದವನು ಮತ್ತೆ ಬರಲಿಲ್ಲ.

ಅದೇ ಪ್ರಶ್ನೆಯನ್ನು ಇಂದು ನೀವು ಬೇರೆ ಮಾತಿನಲ್ಲಿ ಕೇಳುತ್ತೀರಿ. ಮೊಬೈಲ್ ಮುಂದೆ ಮೂರು ಗಂಟೆ ಕೂರುವವನು ಪುಸ್ತಕದ ಮುಂದೆ ಮೂರು ನಿಮಿಷ ಏಕೆ ಕೂರುವುದಿಲ್ಲ? ಸೊಕ್ಕಲ್ಲವೇ ಇದು? ಅಲ್ಲ. ಈ ಮಕ್ಕಳಲ್ಲಿ ಗಮನವೇ ಇಲ್ಲವೆಂದಲ್ಲ, ಅದನ್ನು ಬೇಕಾದ ಕಡೆಗೆ ತಿರುಗಿಸಿ ಹಿಡಿದಿಡುವ ಶಕ್ತಿ ಕಡಿಮೆ. ಕ್ಷಣಕ್ಷಣಕ್ಕೂ ಹೊಸದನ್ನು ಕೊಡುವ ವಸ್ತು ಅವರನ್ನು ತಾನಾಗಿಯೇ ಹಿಡಿದಿಡುತ್ತದೆ. ಒಂದೇ ಪಾಠದ ಪುನರಾವರ್ತನೆಯಲ್ಲಿ ಅವರು ತಮ್ಮನ್ನು ತಾವೇ ಹಿಡಿದಿಟ್ಟುಕೊಳ್ಳಬೇಕು. ತೊಡಕು ಇರುವುದು ಅಲ್ಲಿಯೇ. ಇದರಲ್ಲಿ ಅನುವಂಶಿಕತೆಯ ಪಾಲು ಬಹಳ ದೊಡ್ಡದು. ತಾಯಿಯ ಸಲಿಗೆಯಿಂದ ಇದು ಹುಟ್ಟುವುದಿಲ್ಲ.

ಈ ತಪ್ಪು ತಿಳಿವಳಿಕೆ ನಮ್ಮ ಹಳ್ಳಿಯವರದು ಮಾತ್ರ ಎಂದು ಕುಗ್ಗಬೇಕಾಗಿಲ್ಲ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂತಹ ಮಕ್ಕಳ ಕುರಿತು ಉಪನ್ಯಾಸ ಕೊಟ್ಟಾಗ ಅದನ್ನು ನೈತಿಕ ನಿಯಂತ್ರಣದ ದೋಷವೆಂದೇ ಕರೆದಿದ್ದರು. ಗಮನದ ಕೊರತೆ ಎಂಬುದು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ರೋಗದ ಹೆಸರಾಗಿ ಬಂದದ್ದು 1980ರಲ್ಲಿ. ವೈದ್ಯರಿಗೇ ಇಷ್ಟು ಕಾಲ ಹಿಡಿಯಿತು.

ಆದರೆ ಈಗಲೂ ನಮಗೆ ತಿಳಿಯದಿರುವುದಕ್ಕೆ ಯಾರು ಹೊಣೆ? ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲಿನ ಹಳ್ಳಿಗಳ 2,064 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ನಿಮ್ಹಾನ್ಸ್‌ನ ತಜ್ಞರು ನಡೆಸಿದ ಆ ಅಧ್ಯಯನದಲ್ಲಿ, 4ರಿಂದ 16 ವರ್ಷದ ಮಕ್ಕಳಲ್ಲಿ ಶೇ. 12ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂತು. ಹೆಚ್ಚಾಗಿ ಕಂಡವುಗಳಲ್ಲಿ ಅತಿಚಟುವಟಿಕೆಯೂ ಒಂದು. ಆದರೆ ತಮ್ಮ ಮಗುವಿಗೆ ಏನೋ ತೊಂದರೆಯಿದೆ ಎಂದು ಅರಿತಿದ್ದ ಕುಟುಂಬಗಳು ಶೇ. 37.5 ಮಾತ್ರ! ಉಳಿದವರಿಗೆ ಕಂಡದ್ದು ಏನು? ಹಟ, ಸೋಮಾರಿತನ, ದುರ್ನಡತೆ. ಅದೇ ಅಧ್ಯಯನವು ಮಕ್ಕಳ ಮೇಲಿನ ದೈಹಿಕ ಹಿಂಸೆಗೂ ಈ ತೊಂದರೆಗಳಿಗೂ ನಂಟಿರುವುದನ್ನು ಗುರುತಿಸಿತು. ಪೆಟ್ಟಿನಿಂದ ತೊಂದರೆಯೋ, ತೊಂದರೆಯಿದ್ದುದರಿಂದ ಪೆಟ್ಟೋ ಎಂಬುದನ್ನು ಅಂತಹ ಲೆಕ್ಕ ಹೇಳಲಾರದು. ನಮ್ಮ ಮನೆಗಳನ್ನು ನೋಡಿದವನಿಗೆ ಎರಡೂ ಇರಬಹುದೆಂದು ಅನಿಸುತ್ತದೆ.

ಇಲ್ಲಿ ಹೆಣ್ಣುಮಕ್ಕಳ ಬಗ್ಗೆಯೂ ಹೇಳಬೇಕು. ಅವರಲ್ಲಿ ಅನೇಕರು ಓಡುವುದಿಲ್ಲ, ಕೂಗುವುದಿಲ್ಲ. ಸುಮ್ಮನೆ ಕುಳಿತು ಎಲ್ಲೋ ಕಳೆದುಹೋಗಿರುತ್ತಾರೆ. ಯಾರಿಗೂ ತೊಂದರೆ ಕೊಡದ ಕಾರಣ ಯಾರೂ ಅವರನ್ನು ಗಮನಿಸುವುದಿಲ್ಲ. ‘ದಡ್ಡಿ’ ಎಂಬ ಒಂದು ಪದದಲ್ಲಿ ಓದು ಮುಗಿದುಹೋಗುತ್ತದೆ, ನಂತರ ಮದುವೆಯ ಮಾತು.

ತಿಳಿದ ಮೇಲೆ ನಾವು ಎಲ್ಲಿಗೆ ಓಡುತ್ತೇವೆ? ಗಾಳಿ ಸೋಕಿದೆ ಎಂದು ಒಬ್ಬರು, ನಝರ್ ಆಗಿದೆ ಎಂದು ಇನ್ನೊಬ್ಬರು. ತಾಯತ, ಮಂತ್ರಿಸಿದ ನೀರು, ಹರಕೆ. ಇದರಲ್ಲಿ ಹಿಂದೂ ಮುಸ್ಲಿಮ್ ಎಂಬ ಭೇದವಿಲ್ಲ. ಮಗನಿಗಾಗಿ ಪ್ರಾರ್ಥಿಸುವ ತಾಯಿಯನ್ನು ನಾನು ಹೀಗಳೆಯಲಾರೆ. ಆದರೆ ಆ ಹೆಸರಿನಲ್ಲಿ ಕಳೆದುಹೋಗುವ ವರ್ಷಗಳು ಮಗುವಿನವು. ರೋಗಕ್ಕೆ ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ) ಬೋಧಿಸಿದ್ದರು ಎಂಬುದನ್ನು ಮಾತ್ರ ನೆನಪಿಸಬಯಸುತ್ತೇನೆ. ಪ್ರವಾದಿಯವರು(ಸ) ಸುಜೂದಿನಲ್ಲಿದ್ದಾಗ ಮೊಮ್ಮಗು ಬೆನ್ನೇರಿ ಕುಳಿತಿತು. ಅದು ತಾನಾಗಿ ಇಳಿಯುವವರೆಗೆ ಅವರು ತಲೆಯೆತ್ತಲಿಲ್ಲ, ಹಿಂದೆ ನಿಂತವರು ಏನಾಯಿತೆಂದು ಗಾಬರಿಯಾಗುವಷ್ಟು ಹೊತ್ತು. ನಮ್ಮ ಮಸೀದಿಗಳಲ್ಲಿ ಅಲುಗಾಡಿದ ಮಗುವಿನ ಕಿವಿ ಹಿಂಡಿ ಹಿಂದಿನ ಸಾಲಿಗೆ ತಳ್ಳುವ ಹಿರಿಯರು ಈ ಹದೀಸನ್ನು ಓದಿಲ್ಲವೇ? ಹತ್ತು ವರ್ಷದ ಮಗು ನಮಾಝ್ ಮಾಡದಿದ್ದರೆ ಹೊಡೆಯಬಹುದೆಂಬ ಹದೀಸನ್ನು ಮುಂದಿಡುವವರು ಇದ್ದಾರೆ. ಅದು ನಮಾಝಿನ ಕುರಿತದ್ದು. ಅಲ್ಲೂ ಗಾಯವಾಗುವಂತೆ ಹೊಡೆಯಬಾರದೆಂದು ಕರ್ಮಶಾಸ್ತ್ರಜ್ಞರು ಗಡಿ ಹಾಕಿದ್ದಾರೆ. ಸಬಕ್ ಮರೆತ ಏಳು ವರ್ಷದ ಕೂಸಿನ ಅಂಗೈಗೆ ಅದನ್ನು ಎಳೆದು ತರುವುದು ಯಾವ ನ್ಯಾಯ?

ಕಾನೂನಿನ ಮಾತಿಗೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ 2012ರ ತಿದ್ದುಪಡಿಯು ಮದ್ರಸಗಳನ್ನೂ ವೇದ ಪಾಠಶಾಲೆಗಳನ್ನೂ ಆ ಕಾಯ್ದೆಯಿಂದ ಹೊರಗಿಟ್ಟಿತು. ಸಮುದಾಯದ ಸಂಘಟನೆಗಳು ಹೋರಾಡಿ ಪಡೆದ ವಿನಾಯಿತಿಯದು, ನಮ್ಮ ಧಾರ್ಮಿಕ ಶಿಕ್ಷಣದ ಸ್ವಾತಂತ್ರ್ಯಕ್ಕೆ ಅದು ಬೇಕಾಗಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಬೆತ್ತಕ್ಕೂ ನಾವು ವಿನಾಯಿತಿ ಕೇಳಿದ್ದೆವೇ? ಮಗುವಿನ ಹೊಣೆ ಹೊತ್ತವರೇ ಕ್ರೌರ್ಯವೆಸಗಿದರೆ ಅದು 2015ರ ಬಾಲನ್ಯಾಯ ಕಾಯ್ದೆಯಡಿ ಅಪರಾಧ. ಅಲ್ಲಿ ಮದ್ರಸಕ್ಕೂ ಶಾಲೆಗೂ ಮನೆಗೂ ವ್ಯತ್ಯಾಸವಿಲ್ಲ.

ಸರಕಾರವೂ ತಪ್ಪಿಸಿಕೊಳ್ಳುವಂತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಈ ತೊಂದರೆಯ ಹೆಸರಿದೆ. ಆದರೆ ಒಂದು ದಿನಕ್ಕೆ ಶಾಲೆಗೆ ಬಂದು ಕಣ್ಣು, ಹಲ್ಲು, ತೂಕ ನೋಡಿ ಹೋಗುವ ತಂಡಕ್ಕೆ ಐದು ನಿಮಿಷದಲ್ಲಿ ಇದು ಕಾಣುವುದಾದರೂ ಹೇಗೆ? ಶಿಕ್ಷಕರು ಬಾಯಿಬಿಟ್ಟು ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆ ಸೇರಿದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ. ಇಲ್ಲಿಂದ ಮಕ್ಕಳ ಮನೋವೈದ್ಯರನ್ನು ಹುಡುಕಿಕೊಂಡು ಮೈಸೂರಿಗೆ ಹೋಗುವುದೆಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು. ಮತ್ತೆ ಮತ್ತೆ ಹೋಗಬೇಕು. ಬಡವನಿಗೆ ತಾಯತವೇ ಅಗ್ಗವಾಗಿ ಕಂಡರೆ ಅವನೊಬ್ಬನನ್ನೇ ದೂರಿ ಫಲವಿಲ್ಲ. ಸದ್ಯಕ್ಕೆ ಕೈಗೆಟಕುವುದು 2022ರಲ್ಲಿ ಆರಂಭವಾದ ಟೆಲಿ ಮಾನಸ್, ದೂರವಾಣಿ 14416. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಮಾತ್ರೆಯೆಂದರೆ ನಿಮಗೆ ಭಯ. ಮಗುವನ್ನು ಮಂಕು ಮಾಡುತ್ತದೆ, ಚಟ ಹಿಡಿಸುತ್ತದೆ ಎಂದು. ಮೀಥೈಲ್‌ಫೆನಿಡೇಟ್ ಎಂಬ ಔಷಧಿ ದಶಕಗಳಿಂದ ಬಳಕೆಯಲ್ಲಿದೆ. ಅದು ನಿದ್ದೆಯ ಮಾತ್ರೆಯಲ್ಲ. ಹಸಿವು, ನಿದ್ದೆ ಕಡಿಮೆಯಾಗಬಹುದು, ಆದ್ದರಿಂದಲೇ ವೈದ್ಯರು ತೂಕ, ಎತ್ತರ ನೋಡುತ್ತಿರುತ್ತಾರೆ. ಎಲ್ಲ ಮಕ್ಕಳಿಗೂ ಅದು ಬೇಕಾಗಿಲ್ಲ. ಆರು ವರ್ಷಕ್ಕಿಂತ ಚಿಕ್ಕವರಿಗೆ ಮೊದಲು ತಂದೆತಾಯಿಗೇ ತರಬೇತಿ ಕೊಡುತ್ತಾರೆ. ಶಾಲೆಯಲ್ಲಾದರೆ ಮುಂದಿನ ಸಾಲಿನಲ್ಲಿ ಕೂರಿಸಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹತ್ತು ಲೆಕ್ಕದ ಬದಲು ಮೂರು ಮೂರಾಗಿ ಕೊಡಿ, ನಡುವೆ ಹಲಗೆ ಒರೆಸಲೋ ನೀರು ತರಲೋ ಎಬ್ಬಿಸಿ, ಸರಿ ಮಾಡಿದ ಕೂಡಲೇ ಶಹಬ್ಬಾಸ್ ಹೇಳಿ. ಐವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುವ ಶಿಕ್ಷಕರಿಗೆ ಇದನ್ನು ಹೇಳುವಾಗ ನನಗೆ ಸಂಕೋಚವೂ ಆಗುತ್ತದೆ.

ಆ ಹುಡುಗನನ್ನು ಹೋದ ವರ್ಷ ಗುಂಡ್ಲುಪೇಟೆಯಲ್ಲಿ ಕಂಡೆ. ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಒಳ್ಳೆಯ ಕೆಲಸಗಾರನೆಂದು ಹೆಸರಿದೆ. ನಾನು ಕ್ಷಮೆ ಕೇಳಿದೆ. ಅವನು ನಕ್ಕು, “ಬಿಡಿ ಭಾಯಿ, ಬರೆಯದಿದ್ದರೆ ನಿಮಗೂ ಬೀಳುತ್ತಿತ್ತು” ಎಂದ. ಆಮೇಲೆ ಅಂಗಡಿಯ ಒಳಗಿನಿಂದ ಮಗನ ಶಾಲಾ ಡೈರಿ ತಂದು ಮುಂದಿಟ್ಟ. ಮೂರನೇ ತರಗತಿ. ಪುಟ ಪುಟದಲ್ಲೂ ಕೆಂಪು ಶಾಯಿಯ ದೂರು. “ಇವನು ನನ್ನ ಹಾಗೆಯೇ. ನಾನೂ ಹೊಡೆದೆ” ಎಂದು ತಲೆ ತಗ್ಗಿಸಿದ. ಈಗ ತಿಂಗಳಿಗೊಮ್ಮೆ ಬೆಳಗಿನ ಮೊದಲ ಬಸ್ಸಿಗೆ ಅವನೂ ಮಗನೂ ಮೈಸೂರಿಗೆ ಹೋಗುತ್ತಾರೆ. ಮೊದಲ ಸಲ ನಾನೂ ಜೊತೆಗೆ ಹೋಗಿದ್ದೆ. ದಾರಿಯುದ್ದಕ್ಕೂ ಹುಡುಗ ಕಿಟಕಿಯ ಪಕ್ಕ ನಿಂತೇ ಇದ್ದ, ಇಬ್ಬರಲ್ಲಿ ಯಾರೂ ಅವನಿಗೆ ಕೂರಲು ಹೇಳಲಿಲ್ಲ.