ಪಟ್ಟಿಯಲ್ಲಿ ಹೆಸರಿಲ್ಲದವರ ಹಸಿವು



2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ದೇಶವ್ಯಾಪಿ ಲಾಕ್‌ಡೌನ್ ಘೋಷಿಸಿದರು. ನಾಲ್ಕೇ ಗಂಟೆಗಳಲ್ಲಿ ಅದು ಜಾರಿಗೆ ಬಂದಿತು. ಪಣತದಲ್ಲಿ ಭತ್ತ, ಹಿತ್ತಲಿನಲ್ಲಿ ಕಾಯಿಪಲ್ಲೆ ಇದ್ದವರಿಗೆ 21 ದಿನ ಮನೆಯೊಳಗೆ ಇರುವುದು ಸಾಧ್ಯವಿತ್ತು. ಅಂದಿನ ಕೂಲಿಯಲ್ಲಿ ಅಂದಿನ ಅಕ್ಕಿ ಕೊಳ್ಳುವವರಿಗೆ ಕೆಲಸ ನಿಂತೊಡನೆ ಒಲೆಯೂ ಆರಿತು.

ಆ ದಿನಗಳಲ್ಲಿ ದೇಶದಲ್ಲಿ ಧಾನ್ಯದ ಅಭಾವವಿರಲಿಲ್ಲ. ಆಹಾರ ನಿಗಮದ ಗೋದಾಮುಗಳಲ್ಲಿ ಅಗತ್ಯ ಮೀಸಲನ್ನು ಬಹಳವಾಗಿ ಮೀರಿದ ದಾಸ್ತಾನಿತ್ತು. ಪಡಿತರ ಚೀಟಿ ಇದ್ದವರಿಗೆ ತಲಾ 5 ಕಿಲೋ ಹೆಚ್ಚುವರಿ ಧಾನ್ಯವೂ ಘೋಷಣೆಯಾಯಿತು. ಆದರೆ ಚೀಟಿ ಇಲ್ಲದವರ ಮತ್ತು ಚೀಟಿಯನ್ನು ದೂರದ ಊರಿನಲ್ಲಿ ಬಿಟ್ಟುಬಂದವರ ಗತಿಯೇನು? ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಸಂಖ್ಯೆಯನ್ನು 2011ರ ಜನಗಣತಿಗೆ ಕಟ್ಟಿಹಾಕಿದ್ದರಿಂದ 10 ಕೋಟಿಗೂ ಹೆಚ್ಚು ಜನ ಹೊರಗುಳಿದಿದ್ದಾರೆಂದು ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೇಜ್ ಮತ್ತು ರೀತಿಕಾ ಖೇರಾ 2020ರಲ್ಲಿ ಅಂದಾಜಿಸಿದರು. ಪಟ್ಟಿಯೇ ಅನ್ನದ ಬಾಗಿಲಾದಾಗ, ಪಟ್ಟಿಯಲ್ಲಿ ಇಲ್ಲದವನು ಹಸಿದವರ ಲೆಕ್ಕಕ್ಕೂ ಬಾರದೆ ಹೋಗುತ್ತಾನೆ.

ಈ ಲೆಕ್ಕಕ್ಕೆ ಬಾರದವರನ್ನು ಮೊದಲು ಕಂಡವರು ಸ್ವಯಂಸೇವಕರು. ಅತಂತ್ರರಾದ ಕಾರ್ಮಿಕರ ದೂರವಾಣಿ ಕರೆಗಳನ್ನು ಸ್ವೀಕರಿಸಲು ಮಾರ್ಚ್ ಕೊನೆಯಲ್ಲಿ ಹುಟ್ಟಿದ ‘ಸ್ವಾನ್’ ಜಾಲವು ಏಪ್ರಿಲ್ ಮಧ್ಯದ ಹೊತ್ತಿಗೆ 11,159 ಕಾರ್ಮಿಕರ ಸ್ಥಿತಿಯನ್ನು ದಾಖಲಿಸಿತು. ಅವರಲ್ಲಿ ಶೇ. 96 ಮಂದಿಗೆ ಸರ್ಕಾರದ ಪಡಿತರ ತಲುಪಿರಲಿಲ್ಲ. ಈ ಜಾಲವು ವರದಿ ಬರೆದು ಸುಮ್ಮನಾಗದೆ, ಕಾರ್ಮಿಕರ ಖಾತೆಗಳಿಗೆ ಸಣ್ಣ ಮೊತ್ತಗಳನ್ನು ನೇರವಾಗಿ ಕಳುಹಿಸಿತು.

ನೆರೆಯ ಕೇರಳದ ಅನುಭವ ಇನ್ನಷ್ಟು ಬೋಧಪ್ರದವಾದುದು. ಅಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಮಹಿಳಾ ನೆರೆಕೂಟಗಳು ವಾರವಾರವೂ ಸೇರಿ, ಉಳಿತಾಯ ಮಾಡಿ, ಲೆಕ್ಕ ಬರೆಯುತ್ತ ಬಂದಿದ್ದವು. 2020ರಲ್ಲಿ ಈ ಕೂಟಗಳು ಗ್ರಾಮ ಪಂಚಾಯಿತಿಗಳ ಜೊತೆಗೂಡಿ ಕೆಲವೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಸಮುದಾಯ ಅಡುಗೆಮನೆಗಳನ್ನು ತೆರೆಯಲು ನೆರವಾದವು. ಊಟದ ಬೆಲೆ 20 ರೂಪಾಯಿ, ನಿರ್ಗತಿಕರಿಗೆ ಉಚಿತ. ಹಾಸಿಗೆ ಹಿಡಿದ ವೃದ್ಧರು ಯಾವ ಮನೆಯಲ್ಲಿದ್ದಾರೆ ಎಂಬುದನ್ನು ನೆರೆಕೂಟದ ಹೆಂಗಸರು ಯಾವ ಕಡತವನ್ನೂ ನೋಡದೆ ಬಲ್ಲವರಾಗಿದ್ದರು. ಅಲ್ಲಿಯೂ ಕೊರತೆಗಳಿದ್ದವು. ಹೊರರಾಜ್ಯದ ಕಾರ್ಮಿಕರಿಗೆ ಆ ನಾಡಿನ ಅನ್ನ ಒಗ್ಗಲಿಲ್ಲ. ಅನಂತರ ಅವರಿಗೆ ರೊಟ್ಟಿಯ ಹಿಟ್ಟು, ದಿನಸಿಗಳ ವ್ಯವಸ್ಥೆಯಾಯಿತು. ಉಣ್ಣುವವನನ್ನು ಕೇಳಿ ಬಡಿಸಬೇಕೆಂಬ ಪಾಠ ಇಲ್ಲಿದೆ.

ತೆಲಂಗಾಣದ ಜಹೀರಾಬಾದ್ ಪ್ರದೇಶದ ದಲಿತ ರೈತ ಮಹಿಳೆಯರ ಸಂಘಗಳ ಉದಾಹರಣೆ ಪರಿಸರಾಸಕ್ತರಿಗೆ ವಿಶೇಷವಾಗಿ ಗಮನಾರ್ಹ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯೊಡನೆ ದಶಕಗಳಿಂದ ಬೀಜ ಉಳಿಸಿ, ಬರಡು ನೆಲದಲ್ಲಿ ಜೋಳ, ನವಣೆ ಬೆಳೆದು, ಊರಲ್ಲೇ ಧಾನ್ಯ ಸಂಗ್ರಹಿಸಿದ ಈ ಮಹಿಳೆಯರು ಲಾಕ್‌ಡೌನಿನಲ್ಲಿ ಕೈಚಾಚಲಿಲ್ಲ. ತಮ್ಮ ಪಾಲಿನ ಧಾನ್ಯವನ್ನು ಪರಿಹಾರಕ್ಕೆ ಕೊಟ್ಟರು. ಪಟ್ಟಣದ ಪೌರಕಾರ್ಮಿಕರು ಮತ್ತು ಆರೋಗ್ಯ ಸಿಬ್ಬಂದಿಗೆ ಸಿರಿಧಾನ್ಯದ ಅಂಬಲಿ ಹಂಚಿದರು. ಒಂದು ಕಾಲಕ್ಕೆ ಸ್ವತಃ ಹಸಿದವರು ಇತರರಿಗೆ ನೀಡುವವರಾದದ್ದು ಮಣ್ಣಿನ ಮತ್ತು ಸಂಘಟನೆಯ ಫಲ.

ಹಾಗೆಂದು ಸಂಘಗಳ ಸೇವೆ ಸರ್ಕಾರದ ಹೊಣೆಗೆ ಬದಲಿಯಲ್ಲ. 2020ರ ಮೇ 5ರಂದು ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆದ ಬೆನ್ನಿಗೆ ಕರ್ನಾಟಕ ಸರ್ಕಾರ ವಲಸೆ ಕಾರ್ಮಿಕರ ರೈಲುಗಳ ಕೋರಿಕೆಯನ್ನು ಹಿಂತೆಗೆದುಕೊಂಡಿತು. ಕಾರ್ಮಿಕ ಸಂಘಟನೆಗಳು ಮತ್ತು ನಾಗರಿಕರು ತೀವ್ರವಾಗಿ ವಿರೋಧಿಸಿದರು; ಎರಡು ದಿನಗಳಲ್ಲಿ ಆ ನಿರ್ಧಾರ ಬದಲಾಯಿತು. ಅನ್ನ ನೀಡುವುದೆಷ್ಟು ಮುಖ್ಯವೋ ಹಕ್ಕನ್ನು ಕೇಳುವುದೂ ಅಷ್ಟೇ ಮುಖ್ಯ. 2021ರ ಜೂನ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಲಸೆ ಕಾರ್ಮಿಕರಿಗೆ ಪಡಿತರ ಒದಗಿಸಲು ಮತ್ತು ಎಲ್ಲ ರಾಜ್ಯಗಳಲ್ಲೂ ‘ಒಂದು ದೇಶ, ಒಂದು ಪಡಿತರ ಚೀಟಿ’ ಜಾರಿಗೊಳಿಸಲು ಆದೇಶಿಸಿತು.

ಮಲೆನಾಡಿಗೆ ಇದರಿಂದ ಏನು ತಿಳಿಯಬೇಕು? ಮುಂದಿನ ಸಂಕಟ ರೋಗವಾಗಿಯೇ ಬರಬೇಕೆಂದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಊರುಗಳ ಸಂಪರ್ಕ ಕಡಿದದ್ದು ಮರೆಯುವಂಥದ್ದಲ್ಲ. ತೋಟದ ಲೈನುಮನೆಯ ಕೂಲಿಯವರು, ಕಾಡಂಚಿನ ಹಾಡಿಯ ಕುಟುಂಬಗಳು, ಒಂಟಿ ವೃದ್ಧರು, ಚೀಟಿ ಇಲ್ಲದವರು ಯಾರು ಯಾರೆಂಬುದನ್ನು ಊರಿನ ಸಂಘಗಳು ಈಗಲೇ ಅರಿತಿರಬೇಕು. ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಹೆಸರು ಬರೆಯಬಹುದು. ಚೀಟಿಗೆ ಅರ್ಜಿ ತುಂಬಿಕೊಡಬಹುದು. ಸುಗ್ಗಿಯಲ್ಲಿ ಮನೆಗೊಂದು ಕೊಳಗದಂತೆ ಧಾನ್ಯ ಕೂಡಿಟ್ಟರೆ ಮಳೆಗಾಲಕ್ಕೆ ಊರಿನದೇ ಒಂದು ಕಣಜವಾಗುತ್ತದೆ. ಹೊಳೆ ಉಕ್ಕಿದ ಮೇಲೆ ಸಂಕ ಕಟ್ಟಲಾಗದು.