ಮೀನಿಗೆ ಮುನ್ನ ನೀರು

ಮಂಗಳೂರಿನ ಮನೆಗಳಿಗೆ ತುಂಬೆಯ ಕಿಂಡಿ ಅಣೆಕಟ್ಟಿನಿಂದ ಬರುವ ನೇತ್ರಾವತಿಯ ಜಲವು, ನಮ್ಮ ಆರೋಗ್ಯಕ್ಕೋಸ್ಕರ ಕ್ಲೋರಿನ್ ಬೆರೆತುದಾದ ಕಾರಣ, ಮೀನಿಗೆ ವಿಷಪ್ರಾಯವೆಂಬುದನ್ನು ಬಲ್ಲವರು ಕೂಡ, ಅದನ್ನು ಒಂದು ದಿನ ತೆರೆದಿಟ್ಟೊಡನೆ ಹೊಸ ಗಾಜಿನ ತೊಟ್ಟಿ ಸಿದ್ಧವಾಯಿತೆಂದು ಭಾವಿಸುವುದುಂಟು. ಆದರೆ ಮಲದಿಂದಲೂ ಉಳಿದ ಆಹಾರದಿಂದಲೂ ಜನಿಸುವ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ, ಅನಂತರ ಅಷ್ಟು ಅಪಾಯಕರವಲ್ಲದ ನೈಟ್ರೇಟಾಗಿಯೂ ಪರಿವರ್ತಿಸುವ ಅಗೋಚರ ಜೀವಾಣುಗಳು ಫಿಲ್ಟರಿನಲ್ಲಿಯೂ ಜಲ್ಲಿಯಲ್ಲಿಯೂ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರಗಳೇ ಬೇಕು. ಆ ನಡುವೆ ನೀರು ಬೆಳ್ಳಗೆ ಮಸುಕಾದೊಡನೆ ಗಾಬರಿಗೊಂಡು ಎಲ್ಲವನ್ನೂ ತೊಳೆದುಬಿಡುವುದು, ನನ್ನ ಮತದಲ್ಲಿ, ಶುದ್ಧ ಅವಿವೇಕ. ಬದಲಿಗೆ, ಆ ಜೀವಾಣುಗಳಿಗೆ ಅಮೋನಿಯ ಒದಗಲೆಂದು, ಬರಿಯ ತೊಟ್ಟಿಗೆ ಚಿಟಿಕೆ ಆಹಾರವನ್ನು ಹಾಕುತ್ತಿರಬೇಕು (ಇಲ್ಲದ ಮೀನಿಗೆ ಊಟವೇ ಎಂದು ಮನೆಯವರು ನಕ್ಕರೆ ನಗಲಿ). ಸಂದೇಹವಿದ್ದರೆ, 1969ರಲ್ಲಿ ಸ್ಥಾಪಿತವಾದ ಮೀನುಗಾರಿಕಾ ಮಹಾವಿದ್ಯಾಲಯ ನಮ್ಮೂರಿನಲ್ಲಿಯೇ ಇದೆ. ಪರೀಕ್ಷೆಯಲ್ಲಿ ಅಮೋನಿಯವೂ ನೈಟ್ರೈಟೂ ಶೂನ್ಯವೆಂದು ಕಂಡ ಮೇಲೆಯೇ, ದಯಮಾಡಿ, ಮೀನನ್ನು ಮನೆಗೆ ತನ್ನಿ.